ಬೋರ್ಡಿನ ಮೇಲೆ 30 ಕಾರ್ಡು, ಮುಗಿದದ್ದೆಷ್ಟು?

ಸಾಫ್ಟ್‌ವೇರ್ ಪ್ರಾಜೆಕ್ಟ್ ತಡವಾಗುತ್ತಿದೆ ಅಂದ ಕೂಡಲೇ ಮೀಟಿಂಗಿನಲ್ಲಿ ಎರಡು ಮಾತು ಬರುತ್ತವೆ. ಒಂದು, ಇನ್ನಷ್ಟು ಜನ ಹಾಕಿ. ಎರಡು, ಎಸ್ಟಿಮೇಟ್, ಅಂದರೆ ಎಷ್ಟು ದಿನ ಹಿಡಿಯುತ್ತದೆ ಎಂಬ ಅಂದಾಜು, ಸರಿಯಾಗಿ ಕೊಡಿ. 5 ಜನರ ಟೀಮಿನಲ್ಲಿ ಒಬ್ಬರಿಗೊಬ್ಬರು ಮಾತಾಡಬೇಕಾದ ಜೋಡಿಗಳು 10. 8 ಜನರಾದರೆ 28. ಹೊಸಬರಿಗೆ ಕೆಲಸ ಕಲಿಸುವವರೂ ಹಳಬರೇ. ಹಾಗಾಗಿ ಜನ ಸೇರಿಸುವ ಮುಂಚೆ ಒಂದನ್ನು ಎಣಿಸಿ ಅನ್ನುತ್ತೇನೆ: ಶುರುವಾಗಿ ಮುಗಿಯದೆ ಉಳಿದ ಕೆಲಸ ಎಷ್ಟಿವೆ? ಒಂದೊಂದು ಕೆಲಸವನ್ನು ಒಂದೊಂದು ಕಾರ್ಡಿನಲ್ಲಿ ಬರೆದು, ಹಂತಕ್ಕೊಂದು ಕಾಲಂ ಇರುವ ಬೋರ್ಡಿನ ಮೇಲೆ ಇಟ್ಟಿರುತ್ತೇವಲ್ಲ, ಅಲ್ಲೇ ಎಣಿಸಬಹುದು.

ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ಸೂತ್ರ ಬಹಳ ಸರಳ. ಕೈಯಲ್ಲಿರುವ ಕೆಲಸವನ್ನು ವಾರಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿ. 30 ಕಾರ್ಡು ತೆರೆದಿದ್ದು ವಾರಕ್ಕೆ 5 ಮುಗಿಯುತ್ತಿದ್ದರೆ, ಒಂದೊಂದಕ್ಕೆ ಸರಾಸರಿ 6 ವಾರ. ವೇಗ ಅಷ್ಟೇ ಇದ್ದು ತೆರೆದ ಕಾರ್ಡು 10ಕ್ಕೆ ಇಳಿದರೆ 2 ವಾರ. ಯಾರೂ ರಾತ್ರಿ ಕೂರಬೇಕಿಲ್ಲ.

ಇದು ಬರೀ ಲೆಕ್ಕವಲ್ಲ. 2004ರ ಸುಮಾರಿಗೆ ಮೈಕ್ರೋಸಾಫ್ಟ್‌ನ ಆಂತರಿಕ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಹೈದರಾಬಾದಿನ ಟೀಮಿಗೆ ಎಸ್ಟಿಮೇಟ್ ಕೊಡುವುದರಲ್ಲೇ ಸಮಯದ ದೊಡ್ಡ ಪಾಲು ಕಳೆಯುತ್ತಿತ್ತು. ಆ ಟೀಮಿನ ಮ್ಯಾನೇಜರ್ ಡ್ರಾಗೋಸ್ ದುಮಿತ್ರಿಯು ಮತ್ತು ಅವರಿಗೆ ಸಲಹೆ ಕೊಟ್ಟ ಡೇವಿಡ್ ಆಂಡರ್ಸನ್ ಎಸ್ಟಿಮೇಟ್ ನಿಲ್ಲಿಸಿ, ಒಮ್ಮೆಗೆ ಕೈಗೆತ್ತಿಕೊಳ್ಳುವ ಕೆಲಸಕ್ಕೆ ಮಿತಿ ಹಾಕಿದರು. ತಿಂಗಳುಗಟ್ಟಲೆ ಕಾಯುತ್ತಿದ್ದ ಬೇಡಿಕೆಗಳು ವಾರಗಳಲ್ಲಿ ಮುಗಿಯತೊಡಗಿದವು. ಹೀಗೆ ಬೋರ್ಡಿನ ಮೇಲೆ ಕೆಲಸ ತೋರಿಸಿ ಮಿತಿ ಹಾಕುವ ಪದ್ಧತಿ, ಅಂದರೆ ಸಾಫ್ಟ್‌ವೇರ್ ಕಾನ್ಬಾನ್, ಬೆಳೆದದ್ದೇ ಇಂಥ ಪ್ರಯೋಗಗಳಿಂದ. ನಮ್ಮ ಪಕ್ಕದ ಊರಲ್ಲೇ ನಡೆದ ಈ ಕೆಲಸ ನಮ್ಮ ಟ್ರೇನಿಂಗ್‌ಗಳಲ್ಲಿ ಅಷ್ಟಾಗಿ ಕೇಳಿಸುವುದಿಲ್ಲ ಅನ್ನುವುದು ನನಗೆ ಬೇಸರ.

ಮಾಡುವುದು ಹೇಗೆ? 5 ಡೆವಲಪರ್, 2 ಟೆಸ್ಟರ್ ಇದ್ದಾರೆ ಅಂದುಕೊಳ್ಳಿ. ಡೆವಲಪ್‌ಮೆಂಟ್‌ಗೆ 5, ರಿವ್ಯೂಗೆ 2, ಟೆಸ್ಟಿಂಗ್‌ಗೆ 3 ಎಂದು ಮಿತಿ ಹಾಕಿ ಶುರು ಮಾಡಬಹುದು. ಟೆಸ್ಟಿಂಗ್ ತುಂಬಿತೇ, ಮುಗಿಸಿದ ಕಾರ್ಡು ಡೆವಲಪರ್ ಕೈಯಲ್ಲೇ ಉಳಿಯುತ್ತದೆ. ಅವರು ಹೊಸದನ್ನು ಎಳೆಯುವಂತಿಲ್ಲ. ಟೆಸ್ಟ್ ಡೇಟಾ ಸಿದ್ಧಪಡಿಸಲಿ, ಸಿಕ್ಕ ಬಗ್ ಸರಿಮಾಡಲಿ.

ಮಿತಿ ಮುರಿಯುವುದೂ ಇಲ್ಲೇ. ಕೈ ಖಾಲಿ ಇರುವ ಡೆವಲಪರ್ ಕಂಡರೆ ಮ್ಯಾನೇಜರ್‌ಗೆ ತಳಮಳ, ತಕ್ಷಣ ಹೊಸ ಕೆಲಸ ಕೊಡುತ್ತಾರೆ. ಇನ್ನು ಕೆಲವು ಟೀಮುಗಳು ‘ಟೆಸ್ಟಿಂಗ್‌ಗೆ ಸಿದ್ಧ’ ಅಂತ ಮಿತಿಯಿಲ್ಲದ ಹೊಸ ಕಾಲಂ ಮಾಡಿ ರಾಶಿಯನ್ನು ಅಲ್ಲಿಗೆ ಸಾಗಿಸುತ್ತವೆ. ಕಾಯುವ ಕಾಲಂ ಇರಲಿ, ಆದರೆ ಅದರ ಕಾರ್ಡುಗಳೂ ಟೆಸ್ಟಿಂಗ್‌ನ ಆ 3ರೊಳಗೇ ಎಣಿಕೆಯಾಗಬೇಕು. ಬೇರೆ ಟೀಮಿನ ಉತ್ತರಕ್ಕೆ ಕಾಯುತ್ತಿರುವ ಕಾರ್ಡನ್ನೂ ಲೆಕ್ಕದಿಂದ ತೆಗೆಯಬೇಡಿ. ಅದು ಜಾಗ ಹಿಡಿದು ಕೂತಿದ್ದರೇನೇ ಯಾರಾದರೂ ಫೋನ್ ಎತ್ತುತ್ತಾರೆ. ಅರ್ಜೆಂಟ್ ಕೆಲಸಕ್ಕೆ ಪ್ರತ್ಯೇಕ ಸಾಲಿರಲಿ, ಅದರಲ್ಲಿ ಒಮ್ಮೆಗೆ ಒಂದೇ.

ಬೆಳಗಿನ 15 ನಿಮಿಷದ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಒಬ್ಬೊಬ್ಬರೂ ಮ್ಯಾನೇಜರ್‌ಗೆ ವರದಿ ಒಪ್ಪಿಸುವುದನ್ನು ಬಿಡಿ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನಿದೆ ಅನ್ನುವ ಆ ಮೂರು ಪ್ರಶ್ನೆಗಳನ್ನು, ಟೀಮುಗಳು ಬಳಸುವ ಸ್ಕ್ರಮ್ ಪದ್ಧತಿಯ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್ ಕೂಡ 2020ರಲ್ಲಿ ಕೈಬಿಟ್ಟಿದೆ. ಬೋರ್ಡನ್ನು ಬಲದಿಂದ ಎಡಕ್ಕೆ ನೋಡುತ್ತಾ ಬನ್ನಿ: ಮುಗಿಯಲು ಹತ್ತಿರವಿರುವ ಕಾರ್ಡು ಮೊದಲು, ಅದಕ್ಕೆ ಏನು ಅಡ್ಡಿ ಎಂಬುದಷ್ಟೇ ಪ್ರಶ್ನೆ.

ಪ್ರತಿ ಕಾರ್ಡಿನ ಮೇಲೆ ಶುರುವಾದ, ಮುಗಿದ ತಾರೀಕು ಬರೆದಿಡಿ. ಗ್ರಾಹಕರು ‘ಯಾವಾಗ ಸಿಗುತ್ತೆ’ ಅಂದಾಗ, ಇತ್ತೀಚೆಗೆ ಮುಗಿದ 20 ಕಾರ್ಡುಗಳನ್ನು ಹಿಡಿದ ದಿನಗಳ ಏರಿಕೆ ಕ್ರಮದಲ್ಲಿ ಜೋಡಿಸಿ 17ನೆಯದನ್ನು ನೋಡಿ. ಅದು 12 ದಿನ ತೋರಿಸಿದರೆ, ‘ಶುರು ಮಾಡಿದ ಮೇಲೆ ನೂರಕ್ಕೆ 85 ಸಲ 12 ದಿನದೊಳಗೆ ಕೊಟ್ಟಿದ್ದೇವೆ’ ಎಂದು ಹೇಳಬಹುದು. ಸರಾಸರಿ ಹೇಳಬೇಡಿ, ಬಹಳಷ್ಟು ಕಾರ್ಡುಗಳು ಅದನ್ನು ದಾಟಿಯೇ ಹೋಗುತ್ತವೆ.