ಬ್ರಂಟನ್ ಸ್ಟೀಮ್ ಇಂಜಿನ್ ಬಗ್ಗೆ ಸ್ಪಷ್ಟನೆ

'ಚಕ್ರ ಇಲ್ದೆ ಕಾಲಲ್ಲಿ ನಡೀತಿದ್ದ ರೈಲು, ಕಾಲು ಮುರಿದು ಹಾಳಾಯ್ತು' ಅಂತ ಒಂದು ಚಿತ್ರ ಓಡಾಡ್ತಿದೆ, ಅದು ತಪ್ಪು. ಇಂಗ್ಲೆಂಡ್‌ನಲ್ಲಿ ಕೆಲಸ ಮಾಡ್ತಿದ್ದ ಸ್ಕಾಟ್ಲೆಂಡ್ ಮೂಲದ ಇಂಜಿನಿಯರ್ ವಿಲಿಯಂ ಬ್ರಂಟನ್ 1813ರಲ್ಲಿ ಪೇಟೆಂಟ್ ತಗೊಂಡ ಈ ಇಂಜಿನ್‌ಗೆ ಚಕ್ರ ಇತ್ತು, ಹಳಿ ಮೇಲೇನೇ ಓಡ್ತಿತ್ತು, ಹಿಂದಿದ್ದ ಎರಡು ಕಬ್ಬಿಣದ ಕಾಲು ನೆಲಾನ ಒದ್ದು ಅದನ್ನ ಮುಂದಕ್ಕೆ ತಳ್ತಿದ್ವು ಅಷ್ಟೇ. ಯಾಕಂದ್ರೆ ನುಣುಪಾದ ಹಳಿ ಮೇಲೆ ನುಣುಪಾದ ಚಕ್ರ ಜಾರುತ್ತೆ, ಭಾರ ಎಳೆಯೋಕಾಗಲ್ಲ ಅನ್ನೋ ಭಯ ಆಗ ತುಂಬ ಜನ ಇಂಜಿನಿಯರ್‌ಗಳಿಗಿತ್ತು, ಹಾಗಾಗಿ ಇದನ್ನ ಹುಚ್ಚಾಟ ಅಂತ ನಗೋದು ಅನ್ಯಾಯ. ಅದೇ ಹೊತ್ತಿಗೆ ಇಂಗ್ಲೆಂಡ್‌ನ ವೈಲಮ್ ಕಲ್ಲಿದ್ದಲು ಗಣಿಯಲ್ಲಿ ವಿಲಿಯಂ ಹೆಡ್ಲಿ ಅನ್ನೋರು, ಇಂಜಿನ್ ತೂಕಾನೇ ಹಿಡಿತ ಕೊಡುತ್ತೆ ಅಂತ ತೋರಿಸಿದ್ರು, ಆಮೇಲೆ ಕಾಲಿನ ಅಗತ್ಯಾನೇ ಉಳೀಲಿಲ್ಲ. ಇನ್ನು ಕಾಲು ಮುರಿದ ಕಥೆ: 1815ರಲ್ಲಿ ಡರಮ್ ಕೌಂಟಿಯ ಕಲ್ಲಿದ್ದಲು ಗಣಿ ಹತ್ರ ಸಿಡಿದದ್ದು ಬ್ರಂಟನ್ ಇಂಜಿನ್‌ನ ಬಾಯ್ಲರ್, ನೋಡೋಕೆ ಸೇರಿದ್ದ ಎಷ್ಟೋ ಜನ ಸತ್ತರು. ದಯವಿಟ್ಟು ಅದನ್ನ ತಮಾಷೆ ಮಾಡಿ ಫಾರ್ವರ್ಡ್ ಮಾಡ್ಬೇಡಿ.