ಮಸಲ್ ಬರ್ತಿಲ್ಲ ಅಂತ ಮಾತ್ರೆ ಬಿಡಬೇಕಾ?

"ಗರ್ಭನಿರೋಧಕ ಮಾತ್ರೆ ತಗೊಂಡ್ರೆ ಮಸಲ್ ಬರಲ್ಲ, ಬರೀ ಕೊಬ್ಬು ಸೇರುತ್ತೆ." ವೇಟ್ ಎತ್ತುವ ಹೆಣ್ಣುಮಕ್ಕಳ ಕಿವಿಗೆ ಈ ಮಾತು ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಹೇಳುವವರು ಖಡಾಖಂಡಿತವಾಗಿ ಹೇಳಿಬಿಡುತ್ತಾರೆ. ಕೇಳಿದವರು ಹೆದರಿ ಮಾತ್ರೆ ಬಿಡುತ್ತಾರೆ. ನಾನು ಹೆಣ್ಣುಮಕ್ಕಳಿಗೆ ವೇಟ್ ಟ್ರೈನಿಂಗ್ ಕಲಿಸುವವಳು. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾತಿನಲ್ಲಿ ಒಂದಿಷ್ಟು ಸತ್ಯ ಇದೆ, ಒಪ್ಪುತ್ತೇನೆ. ಆದರೆ ಅಷ್ಟನ್ನೇ ಹಿಡಿದುಕೊಂಡು "ಬಿಟ್ಟುಬಿಡಿ" ಅನ್ನುವುದು ತಪ್ಪು.

ಆ ಸತ್ಯ ಏನು ಅಂತ ಮೊದಲು ನೋಡೋಣ. ಸಾಮಾನ್ಯವಾಗಿ ಕೊಡುವ ಮಾತ್ರೆಯಲ್ಲಿ ಎರಡು ಹಾರ್ಮೋನ್ ಇರುತ್ತವೆ. ಒಂದು ಈಸ್ಟ್ರೋಜನ್, ಇನ್ನೊಂದು ಪ್ರೊಜೆಸ್ಟಿನ್. ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆಯನ್ನು ಇವು ತಗ್ಗಿಸುತ್ತವೆ. ಅಂಡಾಣು ಹೊರಬರುವುದಿಲ್ಲ. ಜೊತೆಗೆ ಅಂಡಾಶಯ ಮಾಡುವ, ಸ್ನಾಯು ಬೆಳೆಯಲು ನೆರವಾಗುವ ಟೆಸ್ಟೋಸ್ಟಿರಾನ್ ಅನ್ನುವ ಹಾರ್ಮೋನ್ ಕೂಡ ಇಳಿಯುತ್ತದೆ. ಅತ್ತ ಲಿವರ್, ಈಸ್ಟ್ರೋಜನ್ ಬಂತು ಅಂತ, ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ. ಅದು ರಕ್ತದಲ್ಲಿರುವ ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಎರಡೂ ಕಡೆಯಿಂದ ಹೊಡೆತ ಬಿದ್ದು, ಸ್ನಾಯುವಿನ ಉಪಯೋಗಕ್ಕೆ ಸಿಗುವ ಟೆಸ್ಟೋಸ್ಟಿರಾನ್ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಇದು ಹಲವು ಅಧ್ಯಯನಗಳಲ್ಲಿ ಕಂಡದ್ದು, ಸುಳ್ಳಲ್ಲ.

ಹಾಗಾದರೆ ಮಸಲ್ ಕೂಡ ಅರ್ಧ ಆಗಬೇಕಲ್ವಾ? ಆಗುವುದಿಲ್ಲ. ಹೆಂಗಸರ ಟೆಸ್ಟೋಸ್ಟಿರಾನ್ ಮೊದಲೇ ಗಂಡಸರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಆದರೂ ಒಂದೇ ಥರ ಟ್ರೈನಿಂಗ್ ಮಾಡಿದರೆ, ಶುರುವಿನಲ್ಲಿ ಇದ್ದ ಮಸಲ್‌ಗೆ ಹೋಲಿಸಿ ಶೇಕಡಾವಾರು ನೋಡಿದಾಗ, ಹೆಂಗಸರೂ ಹೆಚ್ಚುಕಡಿಮೆ ಗಂಡಸರಷ್ಟೇ ಬೆಳೆಸುತ್ತಾರೆ. ಸ್ನಾಯು ಬೆಳೆಯುವುದು ಮುಖ್ಯವಾಗಿ ಅದರ ಮೇಲೆ ಬೀಳುವ ಭಾರದಿಂದ, ತಿನ್ನುವ ಪ್ರೋಟೀನ್‌ನಿಂದ, ನಿದ್ದೆಯಿಂದ. ರಕ್ತ ಪರೀಕ್ಷೆಯ ಒಂದು ಸಂಖ್ಯೆ ಇಳಿದ ಮಾತ್ರಕ್ಕೆ ತೋಳು ತೊಡೆ ಕರಗಿಹೋಗುವುದಿಲ್ಲ.

ಹೆದರಿಸುವವರು ಎತ್ತಿ ತೋರಿಸುವ ಅಧ್ಯಯನವೊಂದಿದೆ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು 2009ರಲ್ಲಿ ಮಂಡಿಸಿದ್ದು. ಎಪ್ಪತ್ತು ಚಿಲ್ಲರೆ ಯುವತಿಯರಿಗೆ 10 ವಾರ ವೇಟ್ ಟ್ರೈನಿಂಗ್ ಮಾಡಿಸಿದರು. ಮಾತ್ರೆ ತಗೊಳ್ಳದವರ ಕೊಬ್ಬುರಹಿತ ತೂಕ ಶೇ. 3.5ರಷ್ಟು ಏರಿತು. ತಗೊಳ್ಳುವವರದ್ದು ಶೇ. 2.1. "ಶೇ. 40ರಷ್ಟು ಕಡಿಮೆ ಮಸಲ್!" ಅಂತ ಹೇಳಿದರೆ ಯಾರಿಗಾದರೂ ಭಯ ಆಗುತ್ತದೆ. ಲೆಕ್ಕ ಹಾಕಿ ನೋಡಿ. ನಿಮ್ಮ ಮೈಯಲ್ಲಿ ಕೊಬ್ಬು ಬಿಟ್ಟು 40 ಕೆಜಿ ಇದೆ ಅಂದುಕೊಳ್ಳಿ. ಒಬ್ಬರಿಗೆ 1.4 ಕೆಜಿ ಏರಿತು, ಇನ್ನೊಬ್ಬರಿಗೆ ಸುಮಾರು 850 ಗ್ರಾಂ. ವ್ಯತ್ಯಾಸ ಅರ್ಧ ಕೆಜಿ ಚಿಲ್ಲರೆ. ಇಬ್ಬರಿಗೂ ಏರಿದೆ, ಅದನ್ನು ಯಾರೂ ಹೇಳುವುದಿಲ್ಲ.

ಅದಕ್ಕೂ ಮೊದಲು, 2008ರಲ್ಲಿ, ಸಾಫ್ಟ್‌ಬಾಲ್ ಮತ್ತು ವಾಟರ್ ಪೋಲೋ ಆಡುವ ಹುಡುಗಿಯರನ್ನು 12 ವಾರ ನೋಡಿದ್ದರು. ಶಕ್ತಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 2019ರ ಡೆನ್ಮಾರ್ಕಿನ ಅಧ್ಯಯನದಲ್ಲಂತೂ ಮಾತ್ರೆ ತಗೊಳ್ಳುವವರ ಕಡೆಗೇ ತಕ್ಕಡಿ ಸ್ವಲ್ಪ ವಾಲಿತ್ತು. ಇತ್ತೀಚೆಗೆ ಇಂಥವನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಮಸಲ್ ಬೆಳವಣಿಗೆಗಾಗಲಿ ಶಕ್ತಿಗಾಗಲಿ ಗಮನಿಸುವಂಥ ವ್ಯತ್ಯಾಸ ಸಿಗಲಿಲ್ಲ.

ಆದರೆ ಒಟ್ಟು ಹಾಕಿದಾಗ ಸಿಕ್ಕಿದ್ದು ಎಷ್ಟು ಅಧ್ಯಯನ ಗೊತ್ತಾ? ಬರೀ 8. ಅವುಗಳಲ್ಲಿದ್ದ ಹೆಂಗಸರು ಮುನ್ನೂರು ಚಿಲ್ಲರೆ. ಅಮೆರಿಕದಲ್ಲಿ ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಇವತ್ತು ಜಗತ್ತಿನಲ್ಲಿ ಸುಮಾರು 15 ಕೋಟಿ ಹೆಂಗಸರು ತಗೊಳ್ಳುತ್ತಿದ್ದಾರೆ. ಇಷ್ಟು ವರ್ಷದಲ್ಲಿ, ಇಷ್ಟು ಜನರಿಗೆ ಸಂಬಂಧಪಟ್ಟ ಪ್ರಶ್ನೆಗೆ ಇಷ್ಟೇನಾ? ಜೊತೆಗೆ ಎಲ್ಲ ಮಾತ್ರೆಯೂ ಒಂದೇ ಅಲ್ಲ. ಲೆವೊನಾರ್ಜೆಸ್ಟ್ರೆಲ್ ಅನ್ನುವ ಪ್ರೊಜೆಸ್ಟಿನ್‌ಗೆ ಟೆಸ್ಟೋಸ್ಟಿರಾನ್‌ನ ಗುಣ ಸ್ವಲ್ಪ ಇದೆ. ಡ್ರೊಸ್ಪೈರೆನೋನ್ ಅದಕ್ಕೆ ಉಲ್ಟಾ, ಟೆಸ್ಟೋಸ್ಟಿರಾನ್ ಕೆಲಸವನ್ನು ತಡೆಯುತ್ತದೆ. ಎಲ್ಲವನ್ನೂ "ಮಾತ್ರೆ ತಗೊಳ್ಳುವವರು" ಅಂತ ಒಂದೇ ಗುಂಪಿಗೆ ಹಾಕಿದರೆ ಉತ್ತರ ಎಲ್ಲಿಂದ ಬರಬೇಕು? ಯಾವ ಮಾತ್ರೆ, ಎಷ್ಟು ಡೋಸ್ ಅಂತ ಬೇರೆ ಬೇರೆ ಇಟ್ಟು, ತಿಂಗಳುಗಟ್ಟಲೆ ನೋಡುವ ಅಧ್ಯಯನ ಬೇಕು. ಹೆಂಗಸರು ಇದಕ್ಕಾಗಿ ಒತ್ತಾಯಿಸಲೇಬೇಕು.

ಇನ್ನು ಕೊಬ್ಬಿನ ಮಾತು. 2014ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 49 ಪ್ರಯೋಗಗಳನ್ನು ನೋಡಿತು. ಎರಡು ಹಾರ್ಮೋನ್ ಇರುವ ಮಾತ್ರೆಗಳಿಂದ ತೂಕ ಗಣನೀಯವಾಗಿ ಏರುತ್ತದೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಹಾಗಂತ "ತೂಕ ಏರಿತು" ಅನ್ನುವವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಮಾತ್ರೆ ಶುರು ಮಾಡಿದಾಗ ಕೆಲವರ ಮೈಯಲ್ಲಿ ನೀರು ನಿಲ್ಲುತ್ತದೆ. ಉಂಗುರ ಬಿಗಿಯಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಅದು ನೀರು, ಕೊಬ್ಬಲ್ಲ. ಕರೆಂಟ್ ಹರಿಸಿ ಕೊಬ್ಬಿನ ಶೇಕಡಾ ತೋರಿಸುವ ತೂಕದ ಮಷಿನ್‌ಗಳು ಮೈಯಲ್ಲಿರುವ ನೀರಿನ ಮೇಲೆಯೇ ಅಂದಾಜು ಹಾಕುವುದು. ನೀರು ಹೆಚ್ಚುಕಡಿಮೆ ಆದರೆ ಆ ಸಂಖ್ಯೆಯೂ ದಾರಿ ತಪ್ಪುತ್ತದೆ. ಅದನ್ನು ನೋಡಿ ಅಳಬೇಡಿ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಗರ್ಭನಿರೋಧಕ ಇಂಜೆಕ್ಷನ್ ಮಾತ್ರ ಬೇರೆ ವಿಷಯ. ಅದರಿಂದ ಕೆಲವರಿಗೆ ನಿಜವಾಗಿಯೂ ತೂಕ ಏರುತ್ತದೆ. ಎರಡನ್ನೂ ಒಂದೇ ಅಂತ ತಿಳಿಯಬೇಡಿ.

ನನ್ನ ಗೆಳತಿಯೊಬ್ಬಳು ವಿಪರೀತ ಬ್ಲೀಡಿಂಗ್ ಅಂತ ಡಾಕ್ಟರ್ ಹೇಳಿದ ಮೇಲೆ ಮಾತ್ರೆ ತಗೊಳ್ಳುತ್ತಿದ್ದಳು. ಅವಳ ಟ್ರೈನರ್, "ಮೇಡಂ, ಆ ಮಾತ್ರೆ ಬಿಟ್ಟು ನೋಡಿ, ಆಮೇಲೆ ಬಾಡಿ ಹೇಗೆ ಬರುತ್ತೆ ಅಂತ" ಅಂದ. ಸ್ಟ್ರಿಪ್ ಅರ್ಧಕ್ಕೇ ನಿಲ್ಲಿಸಿದಳು. ಹಳೇ ನೋವು, ಹಳೇ ಬ್ಲೀಡಿಂಗ್ ವಾಪಸ್ ಬಂತು. ಪ್ರತಿ ತಿಂಗಳು ಕೆಲವು ದಿನ ಹಾಸಿಗೆಯಿಂದ ಏಳಲಾಗದೆ ವರ್ಕೌಟ್ ತಪ್ಪುತ್ತಿತ್ತು. ಒಂದು ದಿನ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಮಾತ್ರೆ ತಗೊಳ್ಳುತ್ತಿದ್ದ ತಿಂಗಳುಗಳಲ್ಲೂ ಪುಟ ಪುಟದಲ್ಲಿ ಅದೇ 5 ಕೆಜಿ ಡಂಬೆಲ್, ಅದೇ 15 ರೆಪ್ಸ್. ಭಾರ ಒಂದು ಸಲವೂ ಏರಿರಲಿಲ್ಲ. ಪ್ರೋಟೀನ್ ಎಷ್ಟು ತಿಂತೀರಿ ಅಂತ ಆ ಟ್ರೈನರ್ ಕೇಳಿಯೇ ಇರಲಿಲ್ಲ. ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 1.6 ಗ್ರಾಂ ಹತ್ತಿರ ಪ್ರೋಟೀನ್, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಏರುವ ಭಾರ, ಇವೆರಡನ್ನು ಸರಿ ಮಾಡದೆ ಮಾತ್ರೆಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಬ್ಲೀಡಿಂಗ್ ಕಡಿಮೆಯಾದರೆ ಮೈಯಲ್ಲಿ ಕಬ್ಬಿಣಾಂಶ ಉಳಿಯುತ್ತದೆ, ಸುಸ್ತು ಕಡಿಮೆಯಾಗುತ್ತದೆ. ಅಂಥವರಿಗೆ ಮಾತ್ರೆಯಿಂದ ಟ್ರೈನಿಂಗ್‌ಗೆ ಒಳ್ಳೆಯದೇ ಆಗುತ್ತದೆ.

ನನಗೆ ಮಸಲ್‌ಗಿಂತ ಜಾಸ್ತಿ ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ, ಅದನ್ನು ಯಾರೂ ಮಾತಾಡುವುದಿಲ್ಲ. ತೆಳ್ಳಗಾಗಬೇಕು ಅಂತ ಊಟ ಕಡಿಮೆ ಮಾಡಿ, ವರ್ಕೌಟ್ ಜಾಸ್ತಿ ಮಾಡುವ ಹುಡುಗಿಯರ ಮುಟ್ಟು ನಿಂತುಹೋಗುವುದುಂಟು. ಇಷ್ಟು ಕಡಿಮೆ ಊಟದಲ್ಲಿ ನಡೆಸಲಾಗುತ್ತಿಲ್ಲ ಅಂತ ದೇಹ ಹೇಳುವ ರೀತಿ ಅದು. ಮೂಳೆ ಸವೆಯುವುದೂ ಅಲ್ಲಿಂದಲೇ ಶುರು. ಆದರೆ ಮಾತ್ರೆ ತಗೊಳ್ಳುವಾಗ ತಿಂಗಳು ತಿಂಗಳು ಕಾಣುವ ರಕ್ತಸ್ರಾವ ನಿಜವಾದ ಮುಟ್ಟಲ್ಲ. ಹಾರ್ಮೋನ್ ಇಲ್ಲದ ಮಾತ್ರೆಗಳ ದಿನಗಳಲ್ಲಿ ತಾನಾಗಿ ಬರುವಂಥದ್ದು. ಅದು ಸರಿಯಾಗಿ ಬರುತ್ತಿದೆ ಅಂತ ಒಳಗೂ ಎಲ್ಲ ಸರಿ ಇದೆ ಅಂದುಕೊಳ್ಳಲಾಗದು. ಮಾತ್ರೆ ಶುರು ಮಾಡುವ ಮೊದಲು ಮುಟ್ಟು ತಪ್ಪುತ್ತಿತ್ತು, ಈಗಲೂ ಊಟ ಕಟ್ಟುನಿಟ್ಟು ಅನ್ನುವವರು ಇದನ್ನು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಈ ಮಾತ್ರೆ ನನಗೆ ಹಿಡಿಸುತ್ತಿಲ್ಲ ಅನ್ನಿಸಿದರೆ ಡಾಕ್ಟರ್‌ಗೆ ಹೇಳಿ. ಬೇರೆ ಪ್ರೊಜೆಸ್ಟಿನ್ ಇರುವ ಮಾತ್ರೆ ಇದೆ, ಹಾರ್ಮೋನ್ ಇಲ್ಲದ ಕಾಪರ್ ಟಿ ಇದೆ. ಬದಲಾಯಿಸುವ ಹಕ್ಕು ನಿಮ್ಮದು. ಆದರೆ ಬೇರೆ ವಿಧಾನ ನಿಕ್ಕಿಯಾದ ಮೇಲೆಯೇ ಇದನ್ನು ನಿಲ್ಲಿಸಿ. ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ಅಂಡಾಣು ಮತ್ತೆ ಹೊರಬರಬಹುದು. ಮುಂದಿನ ಮುಟ್ಟು ಕಾಣುವ ಮೊದಲೇ ಗರ್ಭ ನಿಲ್ಲುವುದೂ ಉಂಟು.