ಹೇಳದೇ ಬರಲಿ, ರಾತ್ರಿ ಹೊತ್ತು ಬರಲಿ

ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್ ಅಂದ ತಕ್ಷಣ ಎಲ್ಲರೂ ಕೇಳುವುದು ಲೈಸೆನ್ಸ್ ಇದೆಯಾ ಅಂತ. ಇರಲೇಬೇಕು, ಸರಿ. ಆದರೆ ಸರ್ಕಾರದವರು ತಪಾಸಣೆಗೆ ಯಾವ ಹೊತ್ತಿಗೆ ಬರುತ್ತಾರೆ, ಬಂದು ಏನು ನೋಡುತ್ತಾರೆ ಅನ್ನುವುದು ನನಗೆ ಅದಕ್ಕಿಂತ ಮುಖ್ಯ.

ಬರುವ ದಿನ ಮೊದಲೇ ಗೊತ್ತಾದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಒಗೆದ ಬೆಡ್‌ಶೀಟ್, ಫಿನಾಯಿಲ್ ವಾಸನೆ, ರಜೆಯಲ್ಲಿದ್ದವರೂ ಡ್ಯೂಟಿಗೆ ಹಾಜರ್. ಭಾನುವಾರ ರಾತ್ರಿ ಎರಡು ಗಂಟೆಗೆ ಅಲ್ಲಿ ಎಷ್ಟು ಜನ ಎಚ್ಚರ ಇದ್ದರು? ಅದು ಗೊತ್ತಾಗುವುದೇ ಇಲ್ಲ.

ಅಮೆರಿಕದ 1987ರ ಕಾನೂನು ಈ ವಿಷಯದಲ್ಲಿ ಗಟ್ಟಿ. ಸರ್ಕಾರಿ ಆರೋಗ್ಯ ಯೋಜನೆಯ ದುಡ್ಡು ಪಡೆಯುವ ಹೋಮ್‌ಗಳಿಗೆ ನಿಯಮ ಕೇಂದ್ರದ್ದು, ತಪಾಸಣೆ ರಾಜ್ಯಗಳದ್ದು. ಎರಡು ತಪಾಸಣೆಗಳ ನಡುವೆ 15 ತಿಂಗಳು ದಾಟಬಾರದು. ಹೇಳಿ ಬರುವಂತಿಲ್ಲ. ದಿನಾಂಕ ಬಾಯಿಬಿಟ್ಟವರಿಗೆ 2,000 ಡಾಲರ್‌ವರೆಗೆ ದಂಡ ಅಂತ ಕಾನೂನಿನಲ್ಲೇ ಬರೆದಿದ್ದಾರೆ. ವಯಸ್ಸಾದವರನ್ನು ಮಂಚಕ್ಕೆ, ಕುರ್ಚಿಗೆ ಕಟ್ಟಿಹಾಕುವುದು ಅಲ್ಲಿ ಮಾಮೂಲಿಯಾಗಿತ್ತು. ಈ ಕಾನೂನು ಬಂದ ಮೇಲೆ ಅದು ತುಂಬಾ ಕಡಿಮೆಯಾಯಿತು.

ಇನ್ನು ಏನು ನೋಡಬೇಕು? ಹಾಸಿಗೆ ಹಿಡಿದವರ ಮಗ್ಗುಲು ಆಗಾಗ ಬದಲಿಸುತ್ತಿರಬೇಕು. ಇಲ್ಲದಿದ್ದರೆ ಹಿಮ್ಮಡಿ, ಸೊಂಟದ ಹತ್ತಿರ ಚರ್ಮ ಕೆಂಪಾಗುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ. ಚಾರ್ಟ್‌ನಲ್ಲಿ ಮಾತ್ರ ಎರಡು ಗಂಟೆಗೊಂದು ಟಿಕ್ ಸಾಲಾಗಿ ಬಿದ್ದಿರಬಹುದು, ಬೆಳಿಗ್ಗೆ ಒಂದೇ ಸಲ ಕೂತು ಹಾಕಿದ್ದು! ಹೊದಿಕೆ ಸರಿಸಿ ಹಿಮ್ಮಡಿ ನೋಡಿ. ಕರೆಗಂಟೆ ಕೈಗೆ ಸಿಗುತ್ತದಾ ನೋಡಿ. ತುಂಬಿದ ನೀರಿನ ಲೋಟ ಎಟುಕದಷ್ಟು ದೂರದ ಮೇಜಿನ ಮೇಲಿದ್ದರೆ ಆ ಲೋಟ ಇದ್ದೂ ಏನು ಪ್ರಯೋಜನ?

ಇದಕ್ಕೆಲ್ಲ ಸುಮ್ನೆ ಆಯಾಗಳನ್ನು ಬೈಯುವುದು ಅನ್ಯಾಯ. ಇಡೀ ವಾರ್ಡಿಗೆ ಒಬ್ಬರೇ ಇದ್ದರೆ ಅವರಾದರೂ ಏನು ಮಾಡಿಯಾರು? ಅದಕ್ಕೇ ಸಿಬ್ಬಂದಿಯ ಲೆಕ್ಕವನ್ನು ಮಾಲೀಕರ ಬಾಯಿಮಾತಿನಿಂದ ತೆಗೆದುಕೊಳ್ಳಬಾರದು, ಸಂಬಳದ ದಾಖಲೆಯಿಂದ ತೆಗೆಯಬೇಕು. ಅಮೆರಿಕದಲ್ಲಿ 2016ರಿಂದ ಹಾಗೆ ಶುರು ಮಾಡಿದರು. ಶನಿವಾರ, ಭಾನುವಾರ ಜನ ಎಷ್ಟು ಕಡಿಮೆ ಅನ್ನುವುದು ಆಗ ಎದ್ದು ಕಂಡಿತು. ಪ್ರತಿಯೊಬ್ಬ ನಿವಾಸಿಗೆ ದಿನಕ್ಕೆ ಕನಿಷ್ಠ 3.48 ಗಂಟೆ ಆರೈಕೆ ಸಿಗಬೇಕು ಅಂತ 2024ರಲ್ಲಿ ನಿಯಮವೂ ಬಂತು. ಹೋಮ್‌ಗಳ ಸಂಘಟನೆಗಳು ಕೋರ್ಟಿಗೆ ಹೋದವು, 2025ರಲ್ಲಿ ಟೆಕ್ಸಸ್‌ನ ಕೋರ್ಟ್ ಅದನ್ನು ರದ್ದು ಮಾಡಿತು. ನನಗೆ ಇದು ತುಂಬಾ ನೋವಿನ ವಿಷಯ. ಜನ ಸಿಗುವುದಿಲ್ಲ, ಖರ್ಚು ಜಾಸ್ತಿ ಅನ್ನುವ ಅವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ನೋಡಿಕೊಳ್ಳಲು ಜನ ಇಲ್ಲದಿದ್ದರೆ ಹಾಸಿಗೆ ಕಡಿಮೆ ಮಾಡಬೇಕು, ಅಲ್ವಾ?

ದೂರಿನ ವಿಷಯವೂ ಇದೆ. ಅಮ್ಮ ಅಲ್ಲೇ ಇರುವಾಗ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡರೆ ಅನ್ನುವ ಭಯ. ದೂರು ಕೊಟ್ಟವರ ಹೆಸರು ಹೋಮ್‌ನವರಿಗೆ ಗೊತ್ತಾಗಬಾರದು. ತಪಾಸಣೆಯ ವರದಿ, ಅದರಲ್ಲಿ ಬರೆದ ತಪ್ಪುಗಳ ಸಮೇತ, ಒಳಗೆ ಕಾಲಿಟ್ಟವರಿಗೆಲ್ಲ ಕೇಳದೆಯೇ ಓದಲು ಸಿಗಬೇಕು.